ದಿನವಿಡೀ ದುಡಿದರೂ ಮನಸ್ಸೇಕೆ ಹಗುರಾಗುವುದಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಕೊಡಗಿನ ನಾಪೋಕ್ಲು ಕಡೆ ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ, ಸ್ವಲ್ಪ ಗದ್ದೆ. ಮಕ್ಕಳಿಬ್ಬರೂ ಓದು, ಕೆಲಸ ಎಂದು ಊರು ಬಿಟ್ಟಿದ್ದಾರೆ. ಮೂರು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಅದೇ ಯೋಚನೆ ತಿರುತಿರುಗಿ ಬರುತ್ತದೆ. ಯಾವುದರಲ್ಲೂ ಮನಸ್ಸಿಲ್ಲ. 'ಒಳಗೇ ಕೂತರೆ ಹೀಗೇ, ತೋಟಕ್ಕೆ ಇಳಿ, ಮೈ ದಣಿದರೆ ಮನಸ್ಸು ತಾನೇ ಸರಿಹೋಗುತ್ತೆ' ಅನ್ನುತ್ತಾರೆ ಅತ್ತಿಗೆ. ಆದರೆ ನಾನು ಕೂತಿರುವುದೇ ಇಲ್ಲ. ಬೆಳಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ ಅಡುಗೆ, ಪಾತ್ರೆ, ಬಟ್ಟೆ, ಹಸು, ಕೆಲಸದವರ ಕಾಫಿ ತಿಂಡಿ. ದುಡಿಮೆಯೇ ಮದ್ದಾಗಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗಬೇಕಿತ್ತಲ್ಲ? ಯಾವ ಕೆಲಸ, ಎಷ್ಟು ಹೊತ್ತು ಮಾಡಿದರೆ ಉಪಯೋಗ? ಈಗ ಮಳೆ ಬೇರೆ. ಮಂಡಿ ನೋವೂ ಇದೆ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಮೈ ದಣಿಯುವುದೊಂದೇ ಮದ್ದಾಗಿದ್ದರೆ ಕಟ್ಟಡ ಕೆಲಸದವರಿಗೆ, ಲೈನ್‌ಮನೆಯಿಂದ (ಕೂಲಿಯವರ ವಸತಿ ಸಾಲು) ತೋಟಕ್ಕೆ ಬರುವವರಿಗೆ, ಮನೆ ನಡೆಸುವ ಹೆಂಗಸರಿಗೆ ಮನಸ್ಸಿನ ಕಾಯಿಲೆ ಬರಲೇಬಾರದಿತ್ತು. ಬರುತ್ತದೆ. ಬಿಡುವಿನಲ್ಲಿ, ತಾವಾಗಿ ಆರಿಸಿಕೊಂಡು ಮಾಡುವ ದೇಹಶ್ರಮ ಮನಸ್ಸಿಗೆ ಒಳ್ಳೆಯದು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹೊಟ್ಟೆಪಾಡಿಗಾಗಿ, ಇನ್ನೊಬ್ಬರ ಗಡಿಯಾರ ನೋಡಿಕೊಂಡು ಮಾಡುವ ಶ್ರಮದಲ್ಲಿ ಅದೇ ಲಾಭ ಕಂಡುಬಂದಿಲ್ಲ. ಬೆವರು ಎರಡರಲ್ಲೂ ಒಂದೇ. ಆದ್ದರಿಂದ ಎಷ್ಟು ದುಡಿಯುತ್ತೀರಿ ಎನ್ನುವುದಕ್ಕಿಂತ ಆ ದುಡಿಮೆ ಎಂಥದ್ದು ಎನ್ನುವುದನ್ನು ನೋಡಬೇಕು.

ಕೆಲಸದ ವಿಚಾರಕ್ಕೆ ಮೊದಲು ಇನ್ನೊಂದು ಮಾತು. ಮನಸ್ಸು ಕುಗ್ಗಿರುವುದು, ಯಾವುದೂ ಬೇಡವೆನಿಸುವುದು, ಬೆಳಗಿನ ಜಾವವೇ ಎಚ್ಚರವಾಗಿಬಿಡುವುದು ಎರಡು ವಾರ ದಾಟಿ ಮುಂದುವರಿದರೆ ಖಿನ್ನತೆ ಇರಬಹುದೇ ಎಂದು ವೈದ್ಯರು ನೋಡಬೇಕು. ನಿಮಗೆ ಮೂರು ತಿಂಗಳಾಗಿದೆ, ತಡ ಮಾಡಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಈ ನಾಲ್ಕು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೂ, ರಕ್ತ ಕಡಿಮೆಯಿದ್ದರೂ ಇದೇ ಬಗೆಯ ಸುಸ್ತು, ಇದೇ ನಿರಾಸಕ್ತಿ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಮಾತ್ರೆಯೇ ಬೇಕು. ಮುಟ್ಟು ಏರುಪೇರಾಗಿದ್ದರೆ, ರಾತ್ರಿ ಮೈ ಬಿಸಿಯೇರಿ ಬೆವರಿ ಎಚ್ಚರವಾಗುತ್ತಿದ್ದರೆ ಸಂಕೋಚಪಡದೆ ಹೇಳಿ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ನಿದ್ದೆ ಕೆಡುವುದೂ ಮನಸ್ಸು ಕುಗ್ಗುವುದೂ ಹೆಚ್ಚು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದು ಕೂಡಲೇ ಆಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಮುಂದೆ ಬರೆಯುವುದೆಲ್ಲ ಈ ತಪಾಸಣೆಯ ಜೊತೆಜೊತೆಗೆ ಮಾಡುವಂಥದ್ದು.

ಮನೆಗೆಲಸ ನಿಮ್ಮ ಮೈಯನ್ನು ದಣಿಸುತ್ತಿದೆ, ಮನಸ್ಸಿಗೆ ಬೇಕಾದ್ದನ್ನು ಕೊಡುತ್ತಿಲ್ಲ. ಅದಕ್ಕೆ ಕೊನೆಯಿಲ್ಲ. ತೊಳೆದಿಟ್ಟ ಲೋಟ ಹತ್ತು ಗಂಟೆಯ ಕಾಫಿಗೆ ಮತ್ತೆ ಸಿಂಕಿಗೆ ಬರುತ್ತದೆ. ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದಿದ್ದರೆ ಮಾತ್ರ ಕಾಣುತ್ತದೆ. ಹೊತ್ತೂ ನಿಮ್ಮದಲ್ಲ, ಹಸುವಿನದು, ಕೆಲಸದವರದು. ಇವಕ್ಕಿಂತ ದೊಡ್ಡ ಕಾರಣ ಗಮನಕ್ಕೆ ಸಂಬಂಧಿಸಿದ್ದು. ಇಪ್ಪತ್ತು ವರ್ಷದಿಂದ ಅಕ್ಕಿರೊಟ್ಟಿ ತಟ್ಟಿದ ಕೈಗೆ ಮನಸ್ಸಿನ ನೆರವು ಬೇಕಿಲ್ಲ. ಕೈ ತನ್ನಷ್ಟಕ್ಕೆ ತಟ್ಟುತ್ತಿರುವಾಗ ಮನಸ್ಸು ಖಾಲಿ, ಖಾಲಿಯಾದಾಗಲೆಲ್ಲ ಅದು ಮೂರು ಗಂಟೆಯ ಯೋಚನೆಗೇ ಮರಳುತ್ತದೆ. ಒಂದೇ ಚಿಂತೆಯನ್ನು ಹೀಗೆ ಮೆಲುಕು ಹಾಕುವುದು ಖಿನ್ನತೆಯ ಲಕ್ಷಣವೂ ಹೌದು, ಅದನ್ನು ಬೆಳೆಸುವ ಗೊಬ್ಬರವೂ ಹೌದು.

ಇನ್ನೊಂದು ಕಾರಣ ಬೆಳಕು. ಕೊಡಗಿನ ಮಳೆಗಾಲದಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮನೆಯೊಳಗೆ ದೀಪ ಹಾಕಿದರೂ ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಬೆಳಕಿನ ಅಳತೆ) ಬೆಳಕು ಇರುತ್ತದೆ. ಮೋಡ ಕವಿದ ದಿನವೂ ಬಯಲಿನಲ್ಲಿ ಸಾವಿರಾರು ಲಕ್ಸ್ ಸಿಗುತ್ತದೆ. ಕಣ್ಣು ತಾನಾಗಿ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ, ಮೆದುಳಿನೊಳಗಿನ ಗಡಿಯಾರಕ್ಕೆ ಗೊತ್ತಾಗುತ್ತದೆ. ಬೆಳಗಿನ ಹೊರಬೆಳಕು ಕಣ್ಣಿಗೆ ಬಿದ್ದಾಗ ಆ ಗಡಿಯಾರ ಸರಿಯಾಗಿ ಕೂರುತ್ತದೆ, ರಾತ್ರಿಯ ನಿದ್ದೆಗೂ ಹೊತ್ತು ಗೊತ್ತಾಗುತ್ತದೆ. ಅಡುಗೆಮನೆ, ಕೊಟ್ಟಿಗೆ, ಮತ್ತೆ ಅಡುಗೆಮನೆ ಎಂದು ದಿನ ಕಳೆದರೆ ಈ ಬೆಳಕು ಸಿಗುವುದೇ ಇಲ್ಲ. ದಟ್ಟ ನೆರಳಿನ ತೋಟದೊಳಗೂ ಬೆಳಕು ಕಮ್ಮಿ, ಹಾಗಾಗಿ ಕೆಲಸಕ್ಕೆ ತೋಟದ ಅಂಚು, ಕಣದ ಪಕ್ಕ, ಗದ್ದೆಯ ಬದಿ ಆರಿಸಿಕೊಳ್ಳಿ.

ಮೈಗೆ ಕೆಲಸ ಕೊಡುವುದರಿಂದ ಖಿನ್ನತೆ ಇಳಿಯುತ್ತದೆ ಎನ್ನುವುದಕ್ಕೆ ಆಧಾರ ಗಟ್ಟಿಯಾಗಿದೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆ, ಒಂದಕ್ಕೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದರು, ಮಾತ್ರೆಯವರಲ್ಲಿ ಸುಧಾರಣೆ ಬೇಗ ಶುರುವಾಗಿತ್ತು. ವ್ಯಾಯಾಮದ ಗುಂಪಿನವರು ವಾರಕ್ಕೆ ಮೂರು ದಿನ, ನಿಗದಿತ ಹೊತ್ತಿಗೆ, ಜೊತೆಯಾಗಿ ಮಾಡುತ್ತಿದ್ದರು. ಆ ಹೊತ್ತು, ಆ ಜೊತೆ ಎರಡೂ ಮದ್ದಿನ ಭಾಗವೇ ಎಂದು ನಾನು ತಿಳಿಯುತ್ತೇನೆ.

ನಿಮಗೆ ಇನ್ನೂ ಹತ್ತಿರದ್ದು ಗೋವಾದ ಕೆಲಸ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಯಿದ್ದವರ ಜೊತೆ ಆರೆಂಟು ಬಾರಿ ಕೂತು, ದಿನದ ಚಟುವಟಿಕೆಯನ್ನು ಯೋಜಿಸಿ ಮಾಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಇವರು ಹೆಚ್ಚು ಸುಧಾರಿಸಿದ್ದರು. ಈ ವಿಧಾನವನ್ನು ಬಿಹೇವಿಯರಲ್ ಆ್ಯಕ್ಟಿವೇಷನ್ ಎನ್ನುತ್ತಾರೆ. ಮನಸ್ಸು ಬಂದಮೇಲೆ ಮಾಡುತ್ತೇನೆ ಎಂದು ಕಾಯಬಾರದು, ಹೊತ್ತಾದಾಗ ಮಾಡಬೇಕು, ಮನಸ್ಸು ಆಮೇಲೆ ಬರುತ್ತದೆ ಎನ್ನುವುದು ಇದರ ತಳಹದಿ. ಖಿನ್ನತೆಯಲ್ಲಿ 'ಇದರಿಂದ ಏನೂ ಆಗಲ್ಲ' ಎಂಬ ಮಾತು ಒಳಗಿಂದ ಜೋರಾಗಿ ಕೇಳುತ್ತದೆ. ಅದು ಕಾಯಿಲೆಯ ಮಾತು ಎಂದುಕೊಂಡೇ ಎದ್ದು ಹೊರಡಬೇಕು.

ನಿಮ್ಮ ತೋಟದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕೆಲಸವಿದೆ. ಕಾಫಿ ಗಿಡದ ಚಿಗುರು ತೆಗೆಯುವುದು. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಾಡುವಂಥದ್ದು. ನಿಂತೇ ಮಾಡಬಹುದು, ಮಂಡಿಗೆ ಭಾರವಿಲ್ಲ, ಏಣಿ ಬೇಡ, ಉಪಕರಣ ಎಂದರೆ ಒಂದು ಕತ್ತರಿ.

ಮೊದಲು ಗಿಡವನ್ನು ಮುಟ್ಟದೆ ಒಂದು ಸುತ್ತು ಬನ್ನಿ. ಚಗಳಿ ಇರುವೆಯ ಗೂಡು, ಕಣಜದ ಗೂಡು ಇದೆಯೇ ನೋಡಿ, ಇದ್ದರೆ ಆ ಗಿಡ ಬಿಟ್ಟುಬಿಡಿ. ಆಮೇಲೆ ನಡುಕಾಂಡದಿಂದ ನೆಟ್ಟಗೆ ಮೇಲಕ್ಕೆದ್ದ ಚಿಗುರುಗಳನ್ನು ಹುಡುಕಿ. ಅಡ್ಡಕ್ಕೆ ಚಾಚಿದ, ಕಾಯಿ ಕಟ್ಟಿದ ರೆಕ್ಕೆಗಳನ್ನು, ಅಂದರೆ ಕೊಂಬೆಗಳನ್ನು, ಮುಟ್ಟಬಾರದು. ಎಳೆ ಚಿಗುರಿಗೆ ಕತ್ತರಿ ಬೇಡ. ಹೆಬ್ಬೆರಳನ್ನು ಬುಡಕ್ಕೇ ಒತ್ತಿ ಪಕ್ಕಕ್ಕೆ ಎಳೆದರೆ ಚಟ್ಟನೆ ಬುಡಸಮೇತ ಕಳಚಿಕೊಳ್ಳುತ್ತದೆ, ಕಾಂಡದ ಮೇಲೆ ಉಗುರಿನಷ್ಟು ಹಸಿ ಗುರುತು ಮಾತ್ರ ಉಳಿಯುತ್ತದೆ. ತುದಿ ಹಿಡಿದು ಎಳೆದರೆ ನಡುವೆ ಮುರಿದು ಮೋಟು ಉಳಿಯುತ್ತದೆ, ಆ ಮೋಟಿನಿಂದ ಕೆಲವೇ ವಾರದಲ್ಲಿ ಒಂದರ ಬದಲು ಎರಡು ಮೂರು ಏಳುತ್ತವೆ. ಪೆನ್ಸಿಲ್‌ಗಿಂತ ದಪ್ಪವಾಗಿದ್ದರೆ ಕತ್ತರಿಯಲ್ಲಿ ಕಾಂಡಕ್ಕೆ ಅಂಟಿದಂತೆ ಕತ್ತರಿಸಿ. ಕೊನೆಗೆ ಗಿಡದ ನೆತ್ತಿಯಲ್ಲಿ, ಕಾಂಡದ ಸುತ್ತ ಆರಿಂಚಿನಷ್ಟು ಜಾಗದ ಚಿಲ್ಲರೆ ಚಿಗುರು ತೆಗೆದು ನಡು ಬಿಡಿಸಿ, ಗಾಳಿ ಬೆಳಕು ಒಳಗೆ ಹೋಗಬೇಕು. ಗಿಡದ ಒಂದು ಬದಿ ಬೋಳಾಗಿದ್ದರೆ ಅಲ್ಲೊಂದು ಚಿಗುರು ಉಳಿಸಬೇಕಾಗಬಹುದು, ಅದನ್ನು ಯಜಮಾನರನ್ನೋ ಮೇಸ್ತ್ರಿಯನ್ನೋ ಕೇಳಿ.

ಈ ಕೆಲಸ ಮನಸ್ಸಿಗೆ ಒಗ್ಗುವುದು ಯಾಕೆಂದರೆ ಪ್ರತಿ ಗಿಡವೂ ಐದಾರು ಸಣ್ಣ ತೀರ್ಮಾನ ಕೇಳುತ್ತದೆ. ಇದು ಚಿಗುರೋ ರೆಕ್ಕೆಯೋ, ಕೈಯಲ್ಲಾಗುತ್ತದೋ ಕತ್ತರಿ ಬೇಕೋ, ಬಿಡಬೇಕೋ ತೆಗೆಯಬೇಕೋ. ತಲೆ ಬಿಸಿಯಾಗುವಷ್ಟು ಕಷ್ಟವಲ್ಲ, ಬೇರೆ ಚಿಂತೆಗೆ ಎಡೆ ಕೊಡುವಷ್ಟು ಸುಲಭವೂ ಅಲ್ಲ. ಹೊಸಬರಿಗೆ ಗಿಡಕ್ಕೆ ಐದು ನಿಮಿಷ ಹಿಡಿಯಬಹುದು, ಅಂದರೆ ಐದು ನಿಮಿಷಕ್ಕೊಮ್ಮೆ ಒಂದು ಕೆಲಸ ಮುಗಿಯುತ್ತದೆ. ತಿರುಗಿ ನೋಡಿದರೆ ಮಾಡಿದ ಗಿಡ, ಮಾಡದ ಗಿಡ ಬೇರೆಯಾಗಿ ಕಾಣುತ್ತದೆ. ಶ್ರಮ ಪಟ್ಟದ್ದಕ್ಕೆ ಫಲ ಕಣ್ಣಿಗೆ ಬಿದ್ದಾಗ ಮೆದುಳು ಮುಂದಿನ ಪ್ರಯತ್ನಕ್ಕೆ ಸಿದ್ಧವಾಗುತ್ತದೆ. ಅಮೆರಿಕದ ಕೆಲ್ಲಿ ಲ್ಯಾಂಬರ್ಟ್ ಎಂಬ ವಿಜ್ಞಾನಿ ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಮಣ್ಣು ಕೆದಕಿ ಸಿಹಿ ತಿಂಡಿ ಗಳಿಸಿದ ಇಲಿಗಳು, ಸುಮ್ಮನೆ ತಿಂಡಿ ಸಿಕ್ಕ ಇಲಿಗಳಿಗಿಂತ ಹೊಸ ಕಷ್ಟ ಎದುರಾದಾಗ ಹೆಚ್ಚು ಹೊತ್ತು ಬಿಡದೆ ಪ್ರಯತ್ನಿಸಿದವು. ಇಲಿಯ ವಿಷಯವನ್ನು ಹಾಗೇ ಮನುಷ್ಯರಿಗೆ ಹೊಂದಿಸಲಾಗದು, ಆದರೂ ದಾರಿ ತೋರಿಸುತ್ತದೆ.

ಹತ್ತಡಿ ಅಂತರದ ರೋಬಸ್ಟಾ ಎಕರೆಗೆ 430ರ ಆಸುಪಾಸು ಗಿಡ ಬರುತ್ತದೆ. ಆದ್ದರಿಂದ ತೋಟ ಮುಗಿಸುವ ಲೆಕ್ಕ ಹಾಕಬೇಡಿ, ಅದು ಕೆಲಸದವರಿಗಿರಲಿ. ಮನೆಗೆ ಹತ್ತಿರದ ಎರಡು ಸಾಲು ನಿಮ್ಮದೆಂದು ಹೇಳಿ, ಮೊದಲ ಮತ್ತು ಕೊನೆಯ ಗಿಡಕ್ಕೆ ಬಣ್ಣದ ಬಟ್ಟೆ ಕಟ್ಟಿ. ಆ ಸಾಲಿಗೆ ಬೇರೆ ಯಾರೂ ಕೈ ಹಾಕಬಾರದು. ನಿಮಗೆ ಸಹಾಯವಾಗಲಿ ಎಂದು ಯಾರಾದರೂ ಮುಗಿಸಿಕೊಟ್ಟರೆ ಮದ್ದನ್ನು ಕಿತ್ತುಕೊಂಡ ಹಾಗೆ.

ಸೆಪ್ಟೆಂಬರ್‌ವರೆಗೆ ಕಾಯಬೇಕಿಲ್ಲ. ಈ ಮಳೆಯಲ್ಲೇ ಮಾಡುವಂಥದ್ದು ಮೆಣಸಿನ ಬಳ್ಳಿ ಕಟ್ಟುವ ಕೆಲಸ. ಹೊಸದಾಗಿ ನೆಟ್ಟ ಬಳ್ಳಿಗಳು ಮಳೆಗಾಲದಲ್ಲಿ ಓಡುತ್ತವೆ, ಮರಕ್ಕೆ ಹಿಡಿಸದಿದ್ದರೆ ಜೋತುಬಿದ್ದು ನೆಲ ಹಿಡಿಯುತ್ತವೆ. ಮಳೆ ಬಿಡುವು ಕೊಟ್ಟಾಗ ಎದೆಮಟ್ಟದವರೆಗಿನ ಬಳ್ಳಿಗಳನ್ನಷ್ಟೇ ನೀವು ಕಟ್ಟಿ. ಗೆಣ್ಣು ತೊಗಟೆಗೆ ತಾಗುವಂತಿರಬೇಕು, ಬೇರು ಹೊರಡುವುದು ಅಲ್ಲಿಂದ. ಬಾಳೆನಾರನ್ನೋ ಹಳೇ ಬಟ್ಟೆಯ ಪಟ್ಟಿಯನ್ನೋ ಗೆಣ್ಣಿನ ಪಕ್ಕದಲ್ಲಿ ಸಡಿಲವಾಗಿ ಕಟ್ಟಿ, ಬಿಗಿದರೆ ಬಳ್ಳಿ ದಪ್ಪವಾಗುತ್ತಾ ಹೋದಂತೆ ದಾರ ಕೊಯ್ಯುತ್ತದೆ. ಸೊರಗು ರೋಗ ತಗುಲಿದ ಬಳ್ಳಿಯ ಬುಡ ತುಳಿದು ಹಾಗೇ ಒಳ್ಳೆಯ ಬಳ್ಳಿಯ ಹತ್ತಿರ ಹೋಗಬೇಡಿ, ಆ ರೋಗ ಕೆಸರಿನ ಜೊತೆ ಬೂಟಿನಲ್ಲೇ ಸಾಗುತ್ತದೆ. ಮಳೆ ಬಿಡದ ದಿನ ಜಗಲಿಯಲ್ಲಿ, ಬೆಳಕಿಗೆ ಮುಖ ಮಾಡಿ ಕೂತು ಕಣಿಲೆ (ಎಳೆ ಬಿದಿರು) ಹೆಚ್ಚುವುದಾದರೂ ಆಗಬಹುದು. ಒಳಗೆ ಒಲೆಯ ಪಕ್ಕದಲ್ಲಿ ಮಾಡಿದರೆ ಮಾತ್ರ ಅದೂ ಅಡುಗೆಯೇ ಆಗಿಬಿಡುತ್ತದೆ.

ಗದ್ದೆಯ ನಾಟಿ ನಾಲ್ಕು ಜನ ಸೇರಿ ಮಾಡುವ ಕೆಲಸ, ಮಾತಿರುತ್ತದೆ, ನಗುವಿರುತ್ತದೆ. ಮನಸ್ಸಿಗೆ ಒಳ್ಳೆಯದೇ. ನಿಮ್ಮ ಮಂಡಿಗೆ ಮಾತ್ರ ಬೇಡ, ಕೆಸರಿನಿಂದ ಕಾಲು ಕೀಳುವಾಗ ಮಂಡಿ ತಿರುಚುತ್ತದೆ. ಬದುವಿನ ಮೇಲೆ ನಿಂತು ಸಸಿ ಕಟ್ಟು ಎಸೆದುಕೊಡಿ, ಜೊತೆ ಸಿಕ್ಕರೆ ಸಾಕು. ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುವುದು, ಗೊಬ್ಬರದ ಬುಟ್ಟಿ, ಹಣ್ಣುಕಾಫಿಯ ಚೀಲ ಹೊರುವುದು ಕೂಡ ಬೇಡ. ಕಳೆ ಹೊಡೆಯುವ ಮೆಷಿನ್ ಯಾವ ರೀತಿಯಲ್ಲೂ ನಿಮಗಲ್ಲ. ಭಾರ, ಅದುರು, ಸದ್ದು ಮೂರೂ ಸೇರಿ ತಲೆಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಪ್ರಮಾಣದಲ್ಲೇ ಹೆಚ್ಚಿನವರು ಎಡವುವುದು. ಮೊದಲ ದಿನ ಉತ್ಸಾಹದಲ್ಲಿ ಮೂರು ಗಂಟೆ ಮಾಡುತ್ತಾರೆ. ರೂಢಿಯಿಲ್ಲದ ಸ್ನಾಯುಗಳ ನೋವು ಅದೇ ದಿನ ಕಾಣಿಸುವುದಿಲ್ಲ, ಎರಡು ಮೂರನೇ ದಿನ ಜೋರಾಗುತ್ತದೆ. ಆಗ ಏಳಲಾಗದೆ ಮಲಗಿ, 'ನನ್ನಿಂದ ಇದೂ ಆಗಲಿಲ್ಲ' ಎಂಬ ಹೊಸ ನೋವು ಸೇರಿಸಿಕೊಳ್ಳುತ್ತಾರೆ. ನೀವು ಮೊದಲ ವಾರ 20 ನಿಮಿಷ, ವಾರಕ್ಕೆ ಐದು ದಿನ, ಅದಕ್ಕಿಂತ ಒಂದು ನಿಮಿಷವೂ ಬೇಡ. ಇನ್ನೂ ಸ್ವಲ್ಪ ಮಾಡೋಣ ಅನಿಸುವಾಗಲೇ ನಿಲ್ಲಿಸಿ ಬನ್ನಿ, ಮರುದಿನ ಹೊರಡಲು ಆ ಆಸೆಯೇ ಬಂಡವಾಳ. ಪ್ರತಿ ವಾರ ಐದು ನಿಮಿಷ ಏರಿಸಿ, 45 ನಿಮಿಷಕ್ಕೆ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಅಷ್ಟರೊಳಗೆ ನೀವು ಬಂದಿರುತ್ತೀರಿ. ಉಸಿರು ಸ್ವಲ್ಪ ಏರಬೇಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಬಳ್ಳಿ ಕಟ್ಟುವುದರಲ್ಲಿ ಉಸಿರು ಅಷ್ಟು ಏರುವುದಿಲ್ಲ, ಅದಕ್ಕೆ ಹೋಗುವಾಗ ಗೇಟಿನವರೆಗೆ ಹತ್ತು ನಿಮಿಷ ಬಿರುಸಾಗಿ ನಡೆದು ಹೋಗಿ. ಮಂಡಿ ನೋವು ಕೆಲಸ ಮುಗಿದ ಮರುದಿನವೂ ಮೊದಲಿಗಿಂತ ಹೆಚ್ಚಿದ್ದರೆ ಹೊತ್ತನ್ನು ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ. ಮಂಡಿ ಊದಿಕೊಂಡರೆ ಮಾತ್ರ ನಿಲ್ಲಿಸಿ ತೋರಿಸಿ.

ಹೊತ್ತು ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ಇರಲಿ. ಅದಕ್ಕಿಂತ ಮುಂಚೆ, ಮಂಜು ಮುಸುಕಿದಾಗ ತೋಟಕ್ಕೆ ಒಬ್ಬರೇ ಇಳಿಯಬೇಡಿ. ರಾತ್ರಿ ಬಂದ ಆನೆ ತೋಟದಲ್ಲೇ ನಿಂತಿರಬಹುದು, ಕೆಲಸದವರು ಒಳಹೊಕ್ಕು ನೋಡಿದ ಮೇಲೆ ಹೋಗಿ. ಗಾಳಿ ಜೋರಿರುವ ದಿನ ಮರದಡಿ ಕೆಲಸವೇ ಬೇಡ, ನೆನೆದ ಕೊಂಬೆ ಹೇಳಿ ಬೀಳುವುದಿಲ್ಲ. ಗಂಬೂಟು ಹಾಕಿ, ತರಗೆಲೆಯೊಳಗೆ ಬರಿಗೈ ತೂರಿಸಬೇಡಿ. ಜಿಗಣೆಗೆ ಕಾಲುಚೀಲದ ಮೇಲೆ ಉಪ್ಪುನೀರು ಸವರಿಕೊಂಡರೆ ಸಾಕು. ಔಷಧಿ ಸಿಂಪಡಿಸಿದ ದಿನ, ಅದರ ಮರುದಿನ ಆ ಭಾಗಕ್ಕೆ ಹೋಗಬೇಡಿ. ಫೋನ್ ಜೇಬಿನಲ್ಲಿರಲಿ, ಕಿವಿಗೆ ಹಾಡು ಬೇಡ. ಆನೆಯ ಸದ್ದು ಕೇಳಬೇಕು ಎನ್ನುವುದು ಒಂದಾದರೆ, ಕೆಲಸದ ಮೇಲೆ ಗಮನ ಇರಲಿ ಎನ್ನುವುದು ಇನ್ನೊಂದು.

ಈ ಹೊತ್ತು ನಿಮ್ಮ ಹದಿನೈದು ಗಂಟೆಯ ದುಡಿಮೆಯ ಮೇಲೆ ಹೊಸದಾಗಿ ಹೇರಿದ ಹೊರೆಯಾದರೆ ಪ್ರಯೋಜನವಿಲ್ಲ. ಒಂದು ಕೆಲಸ ಇಳಿಸಿಯೇ ಇದನ್ನು ಹತ್ತಿಸಬೇಕು. ಕೆಲಸದವರ ಹತ್ತು ಗಂಟೆಯ ಕಾಫಿಯನ್ನು ಯಜಮಾನರು ಮಾಡಲಿ, ಅಥವಾ ಬೆಳಗ್ಗೆಯೇ ಫ್ಲಾಸ್ಕಿಗೆ ತುಂಬಿಟ್ಟು ಲೋಟವನ್ನು ಅವರವರೇ ತೊಳೆದಿಡಲಿ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. 'ಚಿಕಿತ್ಸೆಯ ಭಾಗ, ಡಾಕ್ಟರು ಹೇಳಿದ್ದು' ಎಂದರೂ ತಪ್ಪಿಲ್ಲ, ಅದು ನಿಜವೇ. ಹೆಂಗಸರ ವಿಷಯದಲ್ಲಿ ಈ ಸಲಹೆ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ನಿದ್ದೆಯ ವಿಷಯದಲ್ಲಿ ಒಂದು ಬದಲಾವಣೆ ಕೂಡಲೇ ಮಾಡಿ. ಕೊಡಗಿನ ಮನೆಗಳಲ್ಲಿ ಬೆಲ್ಲದ ಕಾಫಿ ದಿನಕ್ಕೆ ಐದಾರು ಸಲ ಸಲೀಸಾಗಿ ಇಳಿಯುತ್ತದೆ, ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಕುಡಿದ ಕೆಫೀನ್‌ನ ಅರ್ಧ ಭಾಗ ಐದಾರು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಎಚ್ಚರವಾಗಿದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆ ತರುತ್ತದೆ, ಕೆಫೀನ್ ಅದರ ದಾರಿಯನ್ನೇ ಅಡ್ಡಗಟ್ಟುತ್ತದೆ. ದುಡಿದು ಗಳಿಸಿದ ನಿದ್ದೆಯನ್ನು ಸಂಜೆಯ ಕಾಫಿಗೆ ಕೊಟ್ಟುಬಿಡಬೇಡಿ. ಕೊನೆಯ ಲೋಟ ಮಧ್ಯಾಹ್ನ ಎರಡಕ್ಕೆ ಮುಗಿಯಲಿ. ಮೂರಕ್ಕೆ ಎಚ್ಚರವಾದರೆ ಹೊರಳಾಡುತ್ತಾ ಮಲಗಿರಬೇಡಿ, ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ. ಹಗಲು ಮಲಗಿ ಅದನ್ನು ಸರಿದೂಗಿಸಲು ಹೋಗಬೇಡಿ.

ವೈದ್ಯರು ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ಕೆಲಸದಿಂದ ಹಗುರಾಯಿತೆಂದು ನಡುವೆ ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ತಲೆಸುತ್ತು, ತಳಮಳ ಬರಬಹುದು. ಇದನ್ನು ಓದುವ ಬೇರೆಯವರಲ್ಲಿ ಯಾರಾದರೂ ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆವರಿ ನೀರು ಕಡಿಮೆಯಾದಾಗ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯವಾಗುತ್ತದೆ. ಬಿಸಿಲಿನ ಕೆಲಸಕ್ಕೆ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಹಾಸಿಗೆ ಬಿಟ್ಟು ಏಳಲಾಗದಷ್ಟು ಭಾರ, ಊಟ ಸೇರದಿರುವುದು, ಬದುಕು ಸಾಕು ಎಂಬ ಯೋಚನೆ ಇದ್ದರೆ ತೋಟದ ಕೆಲಸದ ಮಾತು ಪಕ್ಕಕ್ಕಿರಲಿ. ಅಂದೇ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಮನೆಯ ಕೋವಿಯನ್ನು ತೋಟೆಯ ಸಮೇತ ನೆಂಟರ ಮನೆಗೆ ಸಾಗಿಸಿ, ಕೀಟನಾಶಕದ ಕೋಣೆಗೆ ಬೀಗ ಹಾಕಿ ಕೀಲಿ ಇನ್ನೊಬ್ಬರ ಕೈಗೆ ಕೊಡಿ. ಆ ಯೋಚನೆ ಉಕ್ಕಿ ಬರುವ ಗಳಿಗೆ ಹಲವರಲ್ಲಿ ಬೇಗ ಇಳಿಯುತ್ತದೆ, ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಇದನ್ನು ಯಜಮಾನರಿಗೂ ಅತ್ತಿಗೆಯವರಿಗೂ ಓದಿ ಹೇಳಿ.

ಕೊನೆಯದಾಗಿ ಒಂದು ನೋಟ್‌ಬುಕ್ ಇಡಿ. ಹೊರಡುವಾಗ ಮನಸ್ಸಿನ ಭಾರಕ್ಕೆ ಹತ್ತರಲ್ಲಿ ಒಂದು ಅಂಕ, ಬಂದಮೇಲೆ ಇನ್ನೊಂದು, ಜೊತೆಗೆ ಎಷ್ಟು ನಿಮಿಷ, ಎಷ್ಟು ಗಿಡ, ರಾತ್ರಿ ಎಷ್ಟು ಗಂಟೆ ನಿದ್ದೆ. ಖಿನ್ನತೆಯಲ್ಲಿ ನೆನಪು ಒಳ್ಳೆಯ ದಿನಗಳನ್ನು ಉಳಿಸಿಕೊಳ್ಳುವುದಿಲ್ಲ, ಅದಕ್ಕೇ ಬರೆದಿಡಬೇಕು. ಕೆಲಸ ಮುಗಿದಾಗಿನ ಅಂಕ ಮೊದಲ ವಾರಗಳಲ್ಲೇ ಸ್ವಲ್ಪ ಇಳಿಯಬಹುದು, ಆ ಹಗುರ ಕೆಲವು ಗಂಟೆಯಷ್ಟೇ ಇರುತ್ತದೆ. ಹೊರಡುವಾಗಿನ ಅಂಕ ಇಳಿಯಲು ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳು ಬೇಕು. ಆರು ವಾರವಾದರೂ ಎರಡೂ ಕದಲದಿದ್ದರೆ ನೋಟ್‌ಬುಕ್ಕನ್ನೇ ವೈದ್ಯರ ಮುಂದಿಡಿ. ಚಿಕಿತ್ಸೆ ಬದಲಿಸಬೇಕೇ, ಮಾತ್ರೆಯ ಪ್ರಮಾಣ ಹೆಚ್ಚಿಸಬೇಕೇ ಎಂದು ತೀರ್ಮಾನಿಸಲು ಅವರಿಗೆ ಅದರಿಂದ ಹೆಚ್ಚು ಅನುಕೂಲ.